ಸಗಣಿ ಗ್ಯಾಸಿನ ಪಾಯಸ

ಇವತ್ತು ವಿಜಯನಗರದ ಗಲ್ಲಿಯೊಂದರಲ್ಲಿ ಹಸಿ ಸಗಣಿಯ ವಾಸನೆ ಮೂಗಿಗೆ ಬಡಿಯಿತು. ನಾನು ಬೆಳೆದ ಉಲ್ಲಾಳ ಇನ್ನೂ ಹಳ್ಳಿಯಂತಿದ್ದ ದಿನಗಳು ನೆನಪಾದವು.

ನಮ್ಮ ಹಿತ್ತಲಲ್ಲಿ ಅಪ್ಪ ಗೋಬರ್ ಗ್ಯಾಸ್ ಗುಂಡಿ ಕಟ್ಟಿಸಿದ್ದರು. ಅಮ್ಮ ದಿನಾ ಮೊಣಕೈವರೆಗೆ ಸಗಣಿ ಕಲಸಿ ಅದಕ್ಕೆ ಸುರಿಯುತ್ತಿದ್ದಳು. ಒಲೆಯಲ್ಲಿ ಹೊಗೆಯಿಲ್ಲದ ನೀಲಿ ಉರಿ ಏಳುತ್ತಿತ್ತು. ಆದರೆ ತಾತನ ತಿಥಿಯ ದಿನ ಪಕ್ಕದ ಮನೆಯ ದೊಡ್ಡಮ್ಮ, "ಸಗಣಿ ಗ್ಯಾಸಲ್ಲಿ ಬೆಂದಿದ್ದನ್ನ ಮನುಷ್ಯರು ತಿಂತಾರಾ?" ಎಂದು ಎಲೆ ಬಿಟ್ಟು ಎದ್ದರು. ನೆಂಟರೆಲ್ಲ ಅವರ ಹಿಂದೆಯೇ ಎದ್ದರು. ಅಮ್ಮ ಅಷ್ಟೂ ಅಡುಗೆಯನ್ನು ಹಸುಗಳ ಮುಂದೆ ಸುರಿದಳು. ಒಂದು ಹನಿ ಕಣ್ಣೀರು ಹಾಕಲಿಲ್ಲ.

ಮುಂದೆ ದೊಡ್ಡಮ್ಮನ ಮಗಳನ್ನು ನೋಡಲು ಗಂಡಿನವರು ಬಂದ ದಿನವೇ ಅವರ ಮನೆಯ ಸಿಲಿಂಡರ್ ಖಾಲಿಯಾಯಿತು. ದೊಡ್ಡಮ್ಮ ಹಾಲಿನ ಪಾತ್ರೆ ಹಿಡಿದು ನಮ್ಮ ಹಿತ್ತಲ ಬಾಗಿಲಿಗೆ ಓಡಿಬಂದರು.

"ಒಂದು ಪಾಯಸ ಮಾಡ್ಕೊಂಡು ಹೋಗ್ತೀನಿ ಕಣೇ, ಮರ್ಯಾದೆ ಉಳಿಸು."

"ಪಾಯಸ ನಾನು ಮಾಡ್ತೀನಕ್ಕ. ಇವತ್ತಿನ ಸಗಣಿ ಹಾಗೇ ಬಿದ್ದಿದೆ, ಅದನ್ನ ನೀವು ಕಲಸಿ," ಎಂದಳು ಅಮ್ಮ.

ದೊಡ್ಡಮ್ಮ ರೇಷ್ಮೆ ಸೀರೆ ಎತ್ತಿ ಕಟ್ಟಿ ಕಲಸಿದರು.

ಆಮೇಲೆ ಅಮ್ಮ ತಾನೇ ಹೋಗಿ ಪಾಯಸ ಕೊಟ್ಟು, ಗಂಡಿನ ತಾಯಿಗೆ ಕೇಳುವಂತೆ ಹೇಳಿದಳು: "ಇದು ನಮ್ಮನೆ ಸಗಣಿ ಗ್ಯಾಸಲ್ಲಿ ಮಾಡಿದ್ದು."

"ಅಯ್ಯೋ, ನಮ್ಮನೇಲೂ ಅದೇ ಇರೋದು! ನೀವೂ ತಗೊಳ್ಳಿ ಬೀಗ್ರೇ," ಎಂದು ಅವರು ದೊಡ್ಡಮ್ಮನ ಕೈಗೆ ಲೋಟವಿಟ್ಟರು. ಎಲ್ಲರೆದುರು ದೊಡ್ಡಮ್ಮ ಕುಡಿದರು. ಕೊನೆಯ ಗುಟುಕು ಗಂಟಲಿಳಿಯುವವರೆಗೂ ನಾನು ನೋಡುತ್ತ ನಿಂತಿದ್ದೆ.

ಈಗ ಅಮ್ಮ ಅವರನ್ನು ಚೆನ್ನಾಗಿಯೇ ಮಾತಾಡಿಸುತ್ತಾಳೆ. ನನಗೆ ಇನ್ನೂ ಆಗುವುದಿಲ್ಲ.