ಗ್ಯಾಲಂಟ್ ಪದದ ಎರಡನೇ ಹಾಳೆ

2018ರಲ್ಲಿ ನಾನು ಸಿರುಗುಪ್ಪದ ಒಂದು ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಮುಖ್ಯಸ್ಥೆ ಎಂದರೆ ದೊಡ್ಡದೇನೂ ಅಲ್ಲ, ವಿಭಾಗದಲ್ಲಿ ಇದ್ದದ್ದೇ ಇಬ್ಬರು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಮನೆ ಕುರುಗೋಡಿನಲ್ಲಿ. ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಬಸ್ಸಿಳಿಯುವುದೇ ಇಪ್ಪತ್ತೊಂಬತ್ತು ವರ್ಷಗಳ ದಿನಚರಿ. ಬಸ್ಸಿನಲ್ಲಿ ಕೂತ ಹೊತ್ತನ್ನೆಲ್ಲ ಕೂಡಿಸಿದ್ದರೆ ಇನ್ನೊಂದು ಪದವಿ ಮುಗಿಯುತ್ತಿತ್ತು ಎಂದು ಸ್ಟಾಫ್ ರೂಮಿನಲ್ಲಿ ನನ್ನನ್ನು ಛೇಡಿಸುತ್ತಿದ್ದರು.

ನನಗೊಂದು ಹುಚ್ಚಿತ್ತು. ಅದಕ್ಕೆ ಎಟಿಮಾಲಜಿ ಎನ್ನುತ್ತಾರೆ. ಒಂದು ಪದ ಎಲ್ಲಿ ಹುಟ್ಟಿತು, ಯಾರ ಬಾಯಲ್ಲಿ ಬೆಳೆಯಿತು, ಈಗಿನ ಅರ್ಥಕ್ಕೆ ಹೇಗೆ ಬಂದು ಮುಟ್ಟಿತು ಎಂದು ಹುಡುಕುವ ವಿದ್ಯೆ. ಪರೀಕ್ಷೆಯಲ್ಲಿ ಅದಕ್ಕೆ ಒಂದು ಅಂಕವೂ ಇರಲಿಲ್ಲ. ಆದರೂ ಭತ್ತದ ಸೀಮೆಯ ಮಕ್ಕಳು ಮಧ್ಯಾಹ್ನದ ತೂಕಡಿಕೆಯಲ್ಲಿ ಕೂತಾಗ ನಾನು ಪಠ್ಯಪುಸ್ತಕ ಮುಚ್ಚಿ ಒಂದು ಪದದ ಕಥೆ ಹೇಳುತ್ತಿದ್ದೆ. ಅದರಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಗ್ಯಾಲಂಟ್.

ಇಂದು ಸೈನಿಕನಿಗೆ ಶೌರ್ಯಪದಕ ಕೊಡುವಾಗ ಗ್ಯಾಲಂಟ್ರಿ ಎನ್ನುತ್ತೇವೆ. ಆದರೆ ಈ ಪದ ಹುಟ್ಟಿದ್ದು ರಣರಂಗದಲ್ಲಲ್ಲ. ಹಳೆಯ ಫ್ರೆಂಚಿನಲ್ಲಿ ನಲಿದಾಡು, ಮೋಜು ಮಾಡು ಎಂಬ ಅರ್ಥದ ಒಂದು ಕ್ರಿಯಾಪದವಿತ್ತು. ಅದರ ವಂಶದ ಗ್ಯಾಲಂಟ್ ಸುಮಾರು ಆರು ನೂರು ವರ್ಷಗಳ ಹಿಂದೆ ಇಂಗ್ಲಿಷಿಗೆ ಬಂದಾಗ ಅದರ ಅರ್ಥ ಜರ್ಬಾಗಿ ಬಟ್ಟೆ ತೊಟ್ಟು ಮೆರೆಯುವವನು ಎಂದಷ್ಟೇ. ಹದಿನಾರನೆಯ ಶತಮಾನ ಮುಗಿಯುವ ಹೊತ್ತಿಗೆ ಆ ಮೆರೆಯುವವರ ಸಾಲಿಗೆ ಕತ್ತಿ ಹಿಡಿದು ಎದೆಗೊಟ್ಟವರೂ ಸೇರಿ, ಪದಕ್ಕೆ ಧೈರ್ಯದ ಅರ್ಥ ಬಂತು. ಆಮೇಲೆ ಹೆಂಗಸರೊಡನೆ ಸೌಜನ್ಯದಿಂದ ನಡೆಯುವವನು ಎಂದಾಯಿತು. ಸೌಜನ್ಯ ಸ್ವಲ್ಪ ಹೆಚ್ಚಾಗಿ ಹೆಂಗಸರ ಹಿಂದೆ ಸುತ್ತುವವನು ಎಂದೂ ಆಯಿತು. ಇಲ್ಲಿಗೆ ಬಂದಾಗ ತರಗತಿಯ ನಿದ್ದೆ ಹಾರಿಹೋಗುತ್ತಿತ್ತು. ಇಷ್ಟೆಲ್ಲ ಅಲೆದ ಪದ ಇಂದು ಬಹುಮಟ್ಟಿಗೆ ಧೀರ, ದೊಡ್ಡ ಮನಸ್ಸಿನವ ಎಂಬಲ್ಲಿ ನಿಂತಿದೆ. ಬಟ್ಟೆಯ ಅರ್ಥವನ್ನು ಈಗ ಯಾರೂ ಬಳಸುವುದಿಲ್ಲ, ನಿಘಂಟಿನಲ್ಲಿ ಹಳೆಯದು ಎಂಬ ಗುರುತಿನೊಡನೆ ಕೂತಿದೆ.

ಹೀಗೆ ಹೇಳಿದ ಒಂದು ಮಧ್ಯಾಹ್ನ ಹಿಂದಿನ ಬೆಂಚಿನಿಂದ ಒಬ್ಬ ಎದ್ದು ಕೇಳಿದ್ದ: "ಮೇಡಂ, ಹಂಗಾರ ಬಟ್ಟಿ ಮೊದ್ಲು, ಧೈರ್ಯ ಆಮ್ಯಾಲೇನ್ರಿ?" ಅವನೇ ತೆಕ್ಕಲಕೋಟೆಯ ವೀರೇಶ. ಅಷ್ಟು ವರ್ಷಗಳಲ್ಲಿ ಅಂಥ ಪ್ರಶ್ನೆಯನ್ನು ಇನ್ನೊಬ್ಬರು ಕೇಳಲಿಲ್ಲ. ನಾನು ಅವನಿಗೆ ನನ್ನ ಪುಸ್ತಕಗಳನ್ನು ಕೊಟ್ಟೆ, ಕಾನೂನು ಓದು ಎಂದು ಬೆನ್ನು ತಟ್ಟಿದೆ, ಪ್ರವೇಶದ ಅರ್ಜಿಯನ್ನೂ ನಾನೇ ತಿದ್ದಿಕೊಟ್ಟೆ. ಅವನು ಬಳ್ಳಾರಿಯಲ್ಲಿ ವಕೀಲನಾದ. ಶಿಕ್ಷಕರ ದಿನಾಚರಣೆಯ ಬೆಳಿಗ್ಗೆ ಅವನ ಫೋನು ತಪ್ಪುತ್ತಿರಲಿಲ್ಲ, ಆ ಫೋನಿನ ಬಗ್ಗೆ ನಾನು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ.

ಈ ಪದಕ್ಕೆ ನಂಟಿರುವ ಇನ್ನೊಬ್ಬರು ಖಾಜಾ ಮಾಸ್ತರ, ಕುರುಗೋಡಿನಲ್ಲಿ ನಮ್ಮ ಎದುರುಮನೆಯವರು. ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಕಟಿಂಗ್ ಮಾಸ್ಟರ್ ಆಗಿ ದುಡಿದವರು. ಹಾಸಿದ ಬಟ್ಟೆಯ ಥಾನುಗಳ ಮೇಲೆ ಅಳತೆ ಗೀರಿ ಕತ್ತರಿಸುವವನೇ ಕಟಿಂಗ್ ಮಾಸ್ಟರ್. ಅವನ ಕೈ ತಪ್ಪಿದರೆ ಮುಂದೆ ಯಾರು ಹೊಲಿದರೂ ಪ್ಯಾಂಟು ಸರಿಯಾಗದು. 2018ಕ್ಕೆ ಹತ್ತು ವರ್ಷ ಹಿಂದೆ ಅವರು ತಮ್ಮದೇ ಪುಟ್ಟ ಘಟಕ ತೆರೆದಾಗ ನಮ್ಮ ಕಟ್ಟೆಗೆ ಬಂದು ಕೂತರು.

"ಟೀಚರಮ್ಮ, ನನ್ನ ಪ್ಯಾಂಟಿಗೆ ಒಂದು ಇಂಗ್ಲಿಷ್ ಹೆಸ್ರು ಕೊಡ್ರಿ. ಹಾಕ್ಕೊಂಡವ ಮರ್ಯಾದಸ್ಥ ಅನಿಸ್ಬೇಕು, ಪುಂಡ ಅನಿಸ್ಬಾರ್ದು."

ಕಾಲೇಜಿನಲ್ಲಿ, ಬಸ್ಸಿನಲ್ಲಿ, ಬ್ಯಾಂಕಿನಲ್ಲಿ ಎಲ್ಲರಿಗೂ ನಾನು ಮೇಡಂ. ಟೀಚರಮ್ಮ ಎನ್ನುತ್ತಿದ್ದವರು ಅವರೊಬ್ಬರೇ. ನಾನು ಯೋಚಿಸಲೂ ಇಲ್ಲ, ಗ್ಯಾಲಂಟ್ ಎಂದೆ. ಕಥೆಯನ್ನೂ ಹೇಳಿದೆ. ಮೊದಲು ಬಟ್ಟೆ, ಆಮೇಲೆ ಧೈರ್ಯ, ಆಮೇಲೆ ಮರ್ಯಾದೆ ಎಂದು ಅವರು ಬೆರಳು ಮಡಚಿ ಎಣಿಸಿ, "ಮೂರೂ ನಮ್ಮ ಪ್ಯಾಂಟಿಗೆ ಹೊಂದ್ತಾವು" ಎಂದು ನಕ್ಕರು. ಸೊಂಟದ ಹಿಂದೆ ಚರ್ಮದ ಪಟ್ಟಿಯ ಮೇಲೆ ಆ ಹೆಸರು ಒತ್ತಿ ಬಂದ ಮೊದಲ ಪ್ಯಾಂಟನ್ನು ನಮ್ಮ ಮನೆಗೇ ತಂದು ತೋರಿಸಿದರು. ಬಳ್ಳಾರಿಯ ಬ್ರೂಸ್‌ಪೇಟೆಯ ಒಬ್ಬ ಸಗಟು ವ್ಯಾಪಾರಿ ಅವರ ಮಾಲನ್ನು ಊರೂರಿಗೆ ಕಳಿಸತೊಡಗಿದರು. ಸಂತೆಗಳಲ್ಲಿ ಜನ ಹೆಸರು ಹಿಡಿದು ಗ್ಯಾಲಂಟ್ ಕೇಳುವಂತಾಯಿತು.

2018ರ ಜೂನ್ ತಿಂಗಳ ಒಂದು ಭಾನುವಾರ ವೀರೇಶ ಮೋಸಂಬಿ ಹಿಡಿದುಕೊಂಡು ಮನೆಗೆ ಬಂದ. ಕಾರನ್ನು ಓಣಿಯೊಳಗೆ ತರದೆ ದೂರದ ಬಸ್ ನಿಲ್ದಾಣದ ಹತ್ತಿರ ಬಿಟ್ಟಿದ್ದ. ಓಣಿ ಇಕ್ಕಟ್ಟು ಎಂದುಕೊಂಡೆ.

"ಗ್ಯಾಲಂಟ್ ಪದದ ಕಥಿ ಹೇಳ್ತಿದ್ರಲ್ಲ ಮೇಡಂ, ಅದನ್ನ ಕನ್ನಡದಾಗ ಬರದು ಕೊಡ್ರಿ. ಒಂದು ಕೆಲಸಕ್ಕ ಬೇಕಾಗೇತಿ. ನಿಮ್ಮಷ್ಟು ಚೆಂದ ಯಾರಿಗೂ ಹೇಳಾಕ ಬರಂಗಿಲ್ಲ."

ಯಾವ ಕೆಲಸಕ್ಕೆ ಎಂದು ನಾನು ಕೇಳಲಿಲ್ಲ. ಇಷ್ಟು ವರ್ಷದಲ್ಲಿ ಒಬ್ಬ ಶಿಷ್ಯ ಮನೆ ಹುಡುಕಿಕೊಂಡು ಬಂದು ನನ್ನ ಹುಚ್ಚನ್ನು ಬರೆದುಕೊಡಿ ಎನ್ನುತ್ತಿದ್ದಾನೆ, ನನಗೆ ಸ್ವರ್ಗಕ್ಕೆ ಮೂರೇ ಗೇಣು. ಅವನನ್ನು ಕೂಡಿಸಿಯೇ ನನ್ನ ಹೆಸರು, ಹುದ್ದೆ ಇದ್ದ ಲೆಟರ್‌ಹೆಡ್‌ನಲ್ಲಿ ಎರಡು ಹಾಳೆ ಬರೆದೆ. ಮೊದಲ ಹಾಳೆಯಲ್ಲಿ ಬಟ್ಟೆಯ ಕಾಲ. ಎರಡನೆಯದರಲ್ಲಿ ಧೈರ್ಯ, ಸೌಜನ್ಯ, ಕೊನೆಗೆ ಬಟ್ಟೆಯ ಅರ್ಥ ಇಂದು ಬಳಕೆಯಲ್ಲಿಲ್ಲ ಎಂಬ ಮಾತು. ಬಟ್ಟೆಯ ಭಾಗ ಇನ್ನೊಂದು ಚೂರು ವಿವರವಾಗಿರಲಿ ಎಂದ; ಉತ್ಸಾಹದಿಂದ ಬೆಳೆಸಿದೆ. ಪ್ರತಿ ಹಾಳೆಗೂ ಸಹಿ ಹಾಕಿ ಎಂದ. ವಕೀಲರ ಶಿಸ್ತು ಎಂದು ಮೆಚ್ಚಿ ಹಾಕಿದೆ. ಹೋಗುವಾಗ ಕಾಲು ಮುಟ್ಟಿ ನಮಸ್ಕರಿಸಿದ.

ಮುಂದಿನ ತಿಂಗಳು ಖಾಜಾ ಮಾಸ್ತರ ಮುಖ ಸಪ್ಪೆ ಮಾಡಿಕೊಂಡು ಬಂದರು. ಆ ಸಗಟು ವ್ಯಾಪಾರಿ ಬೇರೆ ಕಡೆ ಅಗ್ಗದ ಪ್ಯಾಂಟು ಹೊಲಿಸಿ ಅದೇ ಹೆಸರಿನ ಪಟ್ಟಿ ಅಂಟಿಸಿ ಮಾರುತ್ತಿದ್ದರು. ಎರಡೇ ಸಲ ಒಗೆದರೆ ಹೊಲಿಗೆ ಬಿಡುತ್ತಿದ್ದ ಮಾಲು. ಹೆಸರಿಗೆ ಟ್ರೇಡ್‌ಮಾರ್ಕ್, ಅಂದರೆ ಈ ಹೆಸರು ಇವರ ಮಾಲಿಗೇ ಸೇರಿದ್ದು ಎಂಬ ಸರ್ಕಾರಿ ನೋಂದಣಿ, ಮಾಸ್ತರ ಮಾಡಿಸಿರಲಿಲ್ಲ. ವ್ಯಾಪಾರಿಯನ್ನು ಅಣ್ಣ ಎಂದು ಕರೆಯುತ್ತಿದ್ದವರಿಗೆ ನೋಂದಣಿಯ ಯೋಚನೆ ಎಲ್ಲಿಂದ ಬರಬೇಕು? ಇಂಥ ತಕರಾರುಗಳನ್ನು ಪೇಟೆಯ ನಾಲ್ವರು ಹಿರಿಯ ವ್ಯಾಪಾರಿಗಳು ಕೂತು ಬಗೆಹರಿಸುವ ರೂಢಿಯಿತ್ತು, ಅವರು ಹೇಳಿದ್ದನ್ನು ಯಾರೂ ಮೀರುತ್ತಿರಲಿಲ್ಲ. ಗುರುವಾರ ಮಧ್ಯಾಹ್ನಕ್ಕೆ ಸಭೆ ಗೊತ್ತಾಗಿತ್ತು.

"ನೀವು ಒಂದಿಷ್ಟು ಬರ್ರಿ ಟೀಚರಮ್ಮ. ಹೆಸ್ರು ಇಟ್ಟವ್ರು ನೀವು. ಈ ಹೆಸ್ರು ಹೋದ್ರ ನನ್ನ ಕೈ ಹೋದಂಗ."

"ಬರೋದೇನು, ನಮ್ಮ ವೀರೇಶನ್ನೂ ಕರಿಸ್ತೀನಿ. ಈ ಪದದ ಮ್ಯಾಲ ನಾ ಬರದುಕೊಟ್ಟ ಕಾಗದ ಅವನ ಹತ್ರನ ಐತಿ. ನೀವು ಬ್ಯಾರೆ ವಕೀಲರನ್ನ ಹಿಡೀಬ್ಯಾಡ್ರಿ."

ಅವರ ಎದುರಿಗೇ ವೀರೇಶನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಕೊನೆಯವರೆಗೆ ಕೇಳಿಸಿಕೊಂಡ. ಆಮೇಲೆ, "ಗುರುವಾರ ಅಲ್ಲೇ ಇರ್ತೀನಿ ಮೇಡಂ, ನೀವು ಚಿಂತಿ ಮಾಡಬ್ಯಾಡ್ರಿ" ಎಂದ. ಖಾಜಾ ಮಾಸ್ತರ ನಿರುಮ್ಮಳವಾಗಿ ಚಹಾ ಕುಡಿದು ಹೋದರು.

ಗುರುವಾರ ನಾನು ರಜೆ ಹಾಕಿದೆ. ಇಬ್ಬರೂ ಬಸ್ಸಿನಲ್ಲಿ ಬಳ್ಳಾರಿಗೆ ಹೋಗಿ, ಬ್ರೂಸ್‌ಪೇಟೆಯ ಒಂದು ಅಂಗಡಿಯ ಮೇಲಿನ ಕೋಣೆ ಹತ್ತಿದೆವು. ನಾಲ್ವರು ಹಿರಿಯರು ಗಾದಿಯ ಮೇಲೆ ಕೂತಿದ್ದರು. ವೀರೇಶ ನಮಗಿಂತ ಮೊದಲೇ ಬಂದಿದ್ದ. ಕೂತಿದ್ದದ್ದು ಸಗಟು ವ್ಯಾಪಾರಿಯ ಪಕ್ಕದಲ್ಲಿ. ನಾನು ಪೆದ್ದಿ, ಜಾಗ ಇಲ್ಲದ್ದಕ್ಕೆ ಅಲ್ಲಿ ಕೂತಿರಬೇಕು ಎಂದುಕೊಂಡು ಅವನನ್ನು ನೋಡಿ ನಕ್ಕೆ.

ಖಾಜಾ ಮಾಸ್ತರ ತಮ್ಮ ಹತ್ತು ವರ್ಷದ ಕಥೆ ಹೇಳಿ ಮುಗಿಸಿದರು. ವೀರೇಶ ಎದ್ದು ನಿಂತ. ಸರಕಿನ ಗುಣವನ್ನಷ್ಟೇ ಹೇಳುವ ಪದ ಯಾರ ಸ್ವಂತವೂ ಆಗದು ಎಂದು ಶುರು ಮಾಡಿದ. ಬೆಲ್ಲ ಮಾರುವವನು ಸಿಹಿ ಎಂಬ ಪದ ನನ್ನದೊಬ್ಬನದೇ ಎಂದರೆ ಒಪ್ಪುತ್ತೀರಾ ಎಂದು ಕೇಳಿದ. ಆಮೇಲೆ ಒಂದು ಹಾಳೆ ತೆಗೆದು ನನ್ನ ಕಡೆ ಹಿಡಿದ.

"ಮೇಡಂ, ಇದು ನಿಮ್ಮ ಸಹಿ ಹೌದಲ್ರಿ?"

"ಹೌದು."

"ಬರದದ್ದೆಲ್ಲ ಖರೆ ಹೌದಲ್ರಿ?"

"ಹೌದು, ಆದ್ರ..."

ಅಷ್ಟರಲ್ಲಿ ಅವನು ಓದತೊಡಗಿದ್ದ. ಗ್ಯಾಲಂಟ್ ಎಂದರೆ ಚೆಂದದ ಬಟ್ಟೆ ತೊಟ್ಟವನು ಎಂದು ನಾನೇ ಬಣ್ಣ ಬಣ್ಣವಾಗಿ ಬರೆದಿದ್ದೆ. ನನ್ನದೇ ವಾಕ್ಯಗಳನ್ನು, ನಾನು ತರಗತಿಯಲ್ಲಿ ಓದುವ ಹಾಗೆಯೇ ನಿಲ್ಲಿಸಿ ನಿಲ್ಲಿಸಿ ಓದಿದ. ಆ ಓದುವ ರೀತಿಯನ್ನೂ ನನ್ನಿಂದಲೇ ಕಲಿತಿದ್ದ. ಬಟ್ಟೆ ಮಾರುವ ಯಾರು ಬೇಕಾದರೂ ಈ ಪದ ಬಳಸಬಹುದು ಎಂದು ಹೇಳಿ ಕೂತ.

"ಎರಡನೇ ಹಾಳಿ ಎಲ್ಲಿ?" ಎಂದೆ.

"ಅದು ಈ ತಕರಾರಿಗೆ ಸಂಬಂಧ ಇರಲಿಲ್ಲ ಮೇಡಂ."

ನಾನು ಎದ್ದು ನಿಂತು ಎರಡನೇ ಹಾಳೆಯನ್ನು ಬಾಯಿಪಾಠದಿಂದ ಹೇಳಿದೆ. ಆ ಅರ್ಥ ಸತ್ತುಹೋಗಿದೆ, ಇಂದು ಸಂತೆಯಲ್ಲಿ ಗ್ಯಾಲಂಟ್ ಎಂದರೆ ಖಾಜಾ ಮಾಸ್ತರ ಕತ್ತರಿಸಿದ ಪ್ಯಾಂಟು ಎಂದಷ್ಟೇ ಅರ್ಥ ಎಂದೆ. ಹಿರಿಯರು ಸಾವಧಾನವಾಗಿ ಕೇಳಿದರು. ಎಲ್ಲರಿಗಿಂತ ವಯಸ್ಸಾದವರು ಕೊನೆಗೆ, "ಪಾಠ ಭಾಳ ಚೊಲೋ ಮಾಡ್ತೀರಮ್ಮ. ಆದ್ರ ನೀವು ಈಗ ಹೇಳಿದ್ದು ನೀವ ಬರದ ಈ ಹಾಳಿಯೊಳಗ ಇಲ್ಲಲ್ರಿ" ಎಂದರು. ಹೆಸರನ್ನು ಇಬ್ಬರೂ ಬಳಸಬಹುದು ಎಂದು ತೀರ್ಮಾನವಾಯಿತು. ಊರೂರಿನ ಅಂಗಡಿಗಳಿಗೆ ಮಾಲು ತುಂಬುವವರಿಗೂ ಹನ್ನೊಂದು ಮಷೀನು ಇಟ್ಟುಕೊಂಡವರಿಗೂ ಒಂದೇ ಹೆಸರು ಎಂದರೆ ಅದು ಯಾರ ಪಾಲಿಗೆ ಉಳಿಯುತ್ತದೆ ಎಂಬುದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಮೆಟ್ಟಿಲ ಹತ್ತಿರ ವೀರೇಶನನ್ನು ಅಡ್ಡಗಟ್ಟಿದೆ.

"ನಾ ಹಿಡಿದ ಕಕ್ಷಿದಾರನ ಹಿತ ನೋಡೂದು ನನ್ನ ಕೆಲಸ ಮೇಡಂ. ನೀವು ಬರದದ್ದರಾಗ ಒಂದಕ್ಷರ ತಿದ್ದಿಲ್ಲ."

"ಅಕ್ಷರ ತಿದ್ದಿಲ್ಲ ಲೇ, ಹಾಳಿನ ನುಂಗಿದಿ! ಫೋನ್ ಮಾಡಿದಾಗಾದ್ರೂ ಹೇಳಾಕ ಬಾಯಿ ಇರಲಿಲ್ಲೇನು?"

ಅವನು ತಲೆ ತಗ್ಗಿಸಿದ. ನಾಚಿಕೆಯಿಂದ ಎಂದುಕೊಂಡೆ, ವಾಚು ನೋಡುತ್ತಿದ್ದ. ನನ್ನ ಬದುಕಿನಲ್ಲಿ ಅಷ್ಟು ಮೋಸ ಹೋದ ಇನ್ನೊಂದು ದಿನವಿಲ್ಲ.

ಬಸ್ಸಿನಲ್ಲಿ ಖಾಜಾ ಮಾಸ್ತರ ನನಗೆ ಕಿಟಕಿಯ ಸೀಟು ಬಿಟ್ಟುಕೊಟ್ಟು ಪಕ್ಕದಲ್ಲಿ ಕೂತರು. ಊರು ದಾಟಿ ಬಹಳ ಹೊತ್ತಿನ ಮೇಲೆ ಒಂದೇ ಮಾತು ಕೇಳಿದರು.

"ಅವ ಬರಿಸ್ಕೊಳ್ಳಾಕ ಬಂದಾಗ ಯಾತಕ್ಕಂತ ಕೇಳ್ಳಿಲ್ಲೇನ್ರಿ?"

"ಇಲ್ಲ."

ಅವರು ಟಿಕೆಟನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು. ಕುರುಗೋಡಿನಲ್ಲಿ ಯಾವಾಗಿನಂತೆ ನನ್ನ ಚೀಲ ಹಿಡಿದು ಮೊದಲು ಇಳಿದರು, ತಿರುಗಿ ನೋಡಿ ಹೇಳಿದರು: "ಹುಷಾರ್ರಿ, ಮೆಟ್ಲು ಎತ್ತರ ಐತಿ, ಮೇಡಂ."

ಅಂದಿನಿಂದ ನಾನು ಅವರಿಗೂ ಮೇಡಂ ಆದೆ.

ಉಳಿದ ಎರಡು ವರ್ಷ ತರಗತಿಯಲ್ಲಿ ಗ್ಯಾಲಂಟ್ ಪದ ಬಂದಾಗ ಅರ್ಥ ಹೇಳಿ ಮುಂದೆ ಹೋದೆ, ಕಥೆ ಹೇಳಲು ಬಾಯಿ ಬರಲಿಲ್ಲ. ವೀರೇಶನ ಶುಭಾಶಯ ಈಗ ಫೋನಿಗೆ ಹೂವಿನ ಚಿತ್ರವಾಗಿ ಬರುತ್ತದೆ, ನಾನು ತೆರೆಯುವುದಿಲ್ಲ. ಅವನ ಮೇಲಿನ ಸಿಟ್ಟು ಇನ್ನೂ ಆರಿಲ್ಲ. ಆದರೆ ಮಾಸ್ತರಿಗೆ ಮೋಸವಾದದ್ದು ಅವನೊಬ್ಬನಿಂದಲ್ಲ. ಹೊಗಳಿಕೆಗೆ ಉಬ್ಬಿ ಪೆನ್ನು ತೆಗೆದದ್ದು ನಾನು, ಬೇರೆ ವಕೀಲರು ಬೇಡ ಎಂದದ್ದೂ ನಾನೇ. ಪದದ ಚರಿತ್ರೆ ಗೊತ್ತಿದ್ದರೆ ಸಾಲದು, ಅದನ್ನು ಕೇಳುತ್ತಿರುವವನು ಯಾರಿಗಾಗಿ ಕೇಳುತ್ತಿದ್ದಾನೆ ಎಂದು ವಿಚಾರಿಸುವುದೂ ಮೇಷ್ಟರ ಕೆಲಸ. ನೌಕರಿ ನನಗೆ ಇದನ್ನು ಕಲಿಸುವ ಹೊತ್ತಿಗೆ ಶುಲ್ಕವನ್ನು ಇನ್ನೊಬ್ಬರು ಕಟ್ಟಿಯಾಗಿತ್ತು.

ಖಾಜಾ ಮಾಸ್ತರ ಘಟಕ ಮುಚ್ಚಲಿಲ್ಲ. ಗ್ಯಾಲಂಟ್ ಪಟ್ಟಿಗಳನ್ನು ಮಾತ್ರ ತಾವೇ ಕೂತು ಒಂದೊಂದಾಗಿ ಬಿಚ್ಚಿದರು ಎಂದು ಅವರ ಹೆಂಡತಿ ಹೇಳಿದರು. ಮೊನ್ನೆ ಅವರು ಕಟ್ಟೆಯ ಮೇಲೆ ಹೊಸ ಪ್ಯಾಂಟುಗಳ ಗಂಟು ಇಟ್ಟುಕೊಂಡು ಕೂತಿದ್ದರು. ಸೊಂಟದ ಪಟ್ಟಿಯಲ್ಲಿ ಹೆಸರಿರಲಿಲ್ಲ, ಬಾಯಿ ತೆರೆದ ಒಂದು ಕತ್ತರಿಯ ಚಿತ್ರವಿತ್ತು. ಹೆಸರು ಯಾಕಿಟ್ಟಿಲ್ಲ ಎಂದು ಕೇಳಿದೆ.

"ಅಕ್ಷರ ಬ್ಯಾಡ ಅಂತ ಬಿಟ್ಟೆ ಮೇಡಂ," ಎಂದರು. "ಕತ್ರಿಗೆ ಯಾರೂ ಅರ್ಥ ಹೇಳಾಕ ಬರಂಗಿಲ್ಲ."