ಮಹಡಿ ಮನೆಗೆ ಬಂದ ಹೊರಗಿನವರು

ಬಾಡಿಗೆ ಮನೆ ಕೇಳಿಕೊಂಡು ಬಂದವರಿಗೆ ಅಡ್ಡಪ್ರಶ್ನೆ ಹಾಕಿ ಸುಸ್ತು ಮಾಡುವುದರಲ್ಲಿ ನನಗೊಂದು ಕೆಟ್ಟ ಸುಖವಿದೆ. ಮನೆ ನನ್ನದೇನಲ್ಲ, ನಾನೂ ಬಾಡಿಗೆಯವನೇ. ಬ್ಯಾಂಕಿನ ವರ್ಗಾವಣೆಯ ಮೇಲೆ ಮೂರು ವರ್ಷಕ್ಕೆಂದು ಧಾರವಾಡದಿಂದ ಆಂಧ್ರದ ಗಾಜುವಾಕಕ್ಕೆ ಬಂದವನು, ಬಡ್ತಿ ಸಿಕ್ಕರೆ ಬೇರೆ ಊರಿಗೆ ಎತ್ತಂಗಡಿ ಮಾಡುತ್ತಾರೆಂದು ಹೆದರಿ, ಬಡ್ತಿಯೇ ಬೇಡವೆಂದು ಬರೆದುಕೊಟ್ಟು ಇಪ್ಪತ್ತೆರಡು ವರ್ಷದಿಂದ ಇಲ್ಲೇ ಇದ್ದೇನೆ.

ಆದರೂ ನಮ್ಮ ಬೀದಿಗೆ ನಾನಿನ್ನೂ 'ಕರ್ನಾಟಕದವರು'. ಸರಿ, ಧಾರವಾಡಕ್ಕೆ ಹೋದರೆ ಸೋದರಮಾವ, "ಬಂದ್ರು ನೋಡ್ರಿ ಆಂಧ್ರದವ್ರು!" ಎಂದು ಚಪ್ಪಾಳೆ ತಟ್ಟುತ್ತಾರೆ. ತ್ರಿಶಂಕುವಿಗಾದರೂ ತನ್ನದೇ ಒಂದು ಸ್ವರ್ಗವಿತ್ತು. ನನಗಿರುವುದು ಎರಡು ಕೋಣೆ, ಒಂದು ಜಗಲಿ. ಆ ಜಗಲಿಯ ಮೇಲೇ ನನ್ನ ವಿಚಾರಣೆಗಳು ನಡೆಯುವುದು.

ಮೊನ್ನೆ ಮಹಡಿ ಮನೆ ಕೇಳಿಕೊಂಡು ಒಡಿಶಾದ ವೆಲ್ಡರ್ ಪ್ರಶಾಂತ ಬಂದ. ಜೊತೆಗೆ ಹೆಂಡತಿ, ಕಂಕುಳಲ್ಲಿ ಕೂಸು. ಆಗಲೇ ಮೂರು ಮನೆಯವರು ಆಗುವುದಿಲ್ಲ ಎಂದಿದ್ದರಂತೆ, ಹೆಂಗಸಿನ ಮುಖ ಬಾಡಿತ್ತು. ಮನೆಯೊಡತಿ ಸತ್ಯವತಮ್ಮ ವಾಡಿಕೆಯಂತೆ ನನ್ನ ಕಡೆ ನೋಡಿದರು. ನಾನು ಗಂಟಲು ಸರಿಮಾಡಿಕೊಂಡು, ಅಚ್ಚ ತೆಲುಗಿನಲ್ಲಿ, "ಬೇಡಮ್ಮಾ. ಹೊರಗಿನವರು. ಎಂಥವರೋ, ಏನು ಬೇಯಿಸುತ್ತಾರೋ" ಎಂದೆ.

ಸತ್ಯವತಮ್ಮ ನಕ್ಕೇಬಿಟ್ಟರು. "ಏಂ ಬಾಬೂ, ನೀವು ಬಂದಾಗ ಬೀದಿಯೆಲ್ಲ ಹೇಳಿತ್ತು, ಸಾರಿಗೆ ಬೆಲ್ಲ ಹಾಕೋ ಜನ, ನಂಬಬೇಡ ಅಂತ!"

ಅಷ್ಟು ಸಾಲದೆಂಬಂತೆ ಒಳಗಿನಿಂದ ನನ್ನ ಹೆಂಡತಿಯ ದನಿ ಬಂತು: "ಅವತ್ತು ಈ ಜಗಲಿ ಮ್ಯಾಲ ನಿಮ್ಮಂಥಾವ್ರು ಕುಂತಿದ್ರ ನಮಗ ಮನಿ ಸಿಗ್ತಿತ್ತೇನ್ರಿ?"

ನಾಚಿಕೆಯಾಯಿತು, ಸುಳ್ಳೇಕೆ ಹೇಳಲಿ. ಅವರಿಗೆ ಮನೆ ಸಿಕ್ಕಿತು, ನನ್ನ ಸಲಹೆಯನ್ನು ಯಾರೂ ಮತ್ತೆ ಕೇಳಲಿಲ್ಲ. ಅವರು ಸಾಮಾನು ತಂದ ದಿನ, ಪ್ರಾಯಶ್ಚಿತ್ತಕ್ಕೆಂದು ನಾನೇ ಪಾತ್ರೆಯಲ್ಲಿ ಸಾರು ತುಂಬಿಕೊಂಡು ಮಹಡಿ ಹತ್ತಿದೆ. ಬೆಲ್ಲ ಹಾಕಿದ್ದೇ.

ಪ್ರಶಾಂತ ಅನ್ನಕ್ಕೆ ಕಲಸಿ ಒಂದು ತುತ್ತು ಉಂಡ, ಹೆಂಡತಿಯ ಮುಖ ನೋಡಿದ, ಆಮೇಲೆ ತನ್ನ ಹರಕುಮುರುಕು ತೆಲುಗಿನಲ್ಲಿ ಹೇಳಿದ: "ಆಂಧ್ರದ ಸಾರು ಬರೀ ಖಾರ ಅಂತ ಹೆದರಿಸಿದ್ದರು ಸಾರ್. ನೀವು ಇಲ್ಲಿಯವರು ಎಷ್ಟು ಸಿಹಿ ಉಣ್ತೀರಿ!"

ಇಪ್ಪತ್ತೆರಡು ವರ್ಷದಲ್ಲಿ ನನ್ನನ್ನು 'ಇಲ್ಲಿಯವರು' ಎಂದ ಮೊದಲ ಮನುಷ್ಯ ಅವನು. ತಿದ್ದಬೇಕಿತ್ತು. ತಿದ್ದಲಿಲ್ಲ. ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದೆ.