ಸೆರಗಿಗೆ ಕಟ್ಟಿದ ಫ್ಯೂಜು

ನೆಲಕ್ಕೆ ಹಾಸುವ ಫರ್ಸಿ ಕಲ್ಲು ತಯಾರಿಸುವ ಶಹಾಬಾದಿನ ಮಿಲ್ಲಿನ ತಗಡಿನ ಮೇಲೆ ಈಗಷ್ಟೇ ಬೆಳಕು ಬೀಳುತ್ತಿದೆ. ಕಲ್ಲು ನುಣುಪು ಮಾಡುವ ದೊಡ್ಡ ಯಂತ್ರ ನಿನ್ನೆಯಿಂದ ಮುನಿಸಿಕೊಂಡು ನಿಂತಿದೆ. ಎಲೆಕ್ಟ್ರಿಷಿಯನ್ನರ ಹೆಲ್ಪರ್ ಅನಸುಬಾಯಿ ಮೇನ್ ಸ್ವಿಚ್ ಇಳಿಸುತ್ತಾರೆ. ಪಿಂಗಾಣಿಯ ಮೂರೂ ಫ್ಯೂಜು ಕಿತ್ತು ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಗಿಸುತ್ತಾರೆ. ಟೆಸ್ಟರ್ ಹಚ್ಚಿ ನೋಡಿ, ಆಮೇಲೆಯೇ ಮೋಟರಿಗೆ ಕೈ ಹಾಕುತ್ತಾರೆ. ಕೈ ಕೆಲಸದಲ್ಲಿದ್ದರೂ ಕಿವಿ ಮಾತ್ರ ಗೇಟಿನ ಕಡೆಗೇ ಇದೆ.

ಮಿಲ್ಲಿನ ಎಲೆಕ್ಟ್ರಿಷಿಯನ್ ಗುಲಾಮ ದಸ್ತಗೀರ ಉಸ್ತಾದರು ಅನಸುಬಾಯಿ ಕೊಟ್ಟ ವೈರ್‌ಮನ್ ಪರೀಕ್ಷೆಯ ಫಲಿತಾಂಶ ನೋಡಲು ನಿನ್ನೆ ಗುಲ್ಬರ್ಗಕ್ಕೆ ಹೋದವರು, ಇಂದು ಬೆಳಗಿನ ಗಾಡಿಗೆ ಬರಬೇಕು. ಈ ತಿಂಗಳು ಅವರಿಗೆ ನಿವೃತ್ತಿ. ಅನಸುಬಾಯಿ ಪಾಸಾಗಿ ವೈರ್‌ಮನ್ ಪರ್ಮಿಟ್ ಸಿಕ್ಕರೆ ಉಸ್ತಾದರ ಜಾಗ ಅವರದು. ಸಿಗದಿದ್ದರೆ ಮತ್ತೆ ಕಲ್ಲಿನ ರಾಡಿ ಹೊರುವ ಬುಟ್ಟಿ.

ಐನಾಪುರದಿಂದ ಸೊಸೆಯಾಗಿ ಬಂದ ಅವರು, ಮೈಸೂರು ರಾಜ್ಯ ಕರ್ನಾಟಕವಾದ ವರ್ಷ ಈ ಬುಟ್ಟಿ ಹೊತ್ತವರು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಇಲ್ಲಿ ಬಾಯಿಗೂ ಕೆಸರೇ. ಓದಿದ್ದು ಏಳನೆಯ ಇಯತ್ತೆ. ಮೋಟರ್ ಬಿಚ್ಚುವುದನ್ನು ನಿಂತು ನೋಡುತ್ತಿದ್ದವರನ್ನು ಉಸ್ತಾದರೇ ಹೆಲ್ಪರ್ ಮಾಡಿಕೊಂಡರು.

“ಕರೆಂಟಿಗಿ ಗುರ್ತಾ ಪರಿಚಯ ಇರಲ್ಲ ಬೇಟಿ, ಕೆಲಸ ಮುಗಿಯೋತನಾ ಫ್ಯೂಜ್ ನಿನ್ನ ಕಿಸೆದಾಗೇ ಇರಬೇಕು ಅಂದ್ರು. ಸೀರಿಗಿ ಕಿಸೆ ಎಲ್ಲಿಂದ ತರ್ಲಿ ಉಸ್ತಾದ್ ಅಂದೆ. ಸೆರಗಿಗಿ ಕಟ್ಟಿಕೋ ಅಂದ್ರು” ಎಂದು ಅನಸುಬಾಯಿ ನಗುತ್ತಾರೆ.

ಆ ಗಂಟೇ ಪರೀಕ್ಷೆಯಲ್ಲಿ ಕೈಕೊಟ್ಟಿತು. ಐಟಿಐ ಓದದವರಿಗೆ ಅನುಭವದ ಸರ್ಟಿಫಿಕೇಟಿನ ಮೇಲೆ ಪರೀಕ್ಷೆ. ಗುಲ್ಬರ್ಗದಲ್ಲಿ ಅನಸುಬಾಯಿ ಫ್ಯೂಜು ಕಿತ್ತು ಸೆರಗಿಗೆ ಕಟ್ಟಿಕೊಂಡೇ ಬೋರ್ಡು ಜೋಡಿಸಿದರು, ಅರ್ಥಿಂಗ್ ಯಾಕೆ ಬೇಕೆಂದು ಹೇಳಿದರು. ದೀಪ ಹತ್ತಿಸಿ ತೋರಿಸಬೇಕು ಎನ್ನುವಷ್ಟರಲ್ಲಿ ಊರಿನ ಕರೆಂಟೇ ಹೋಯಿತು. ಪರೀಕ್ಷಕ ಬಸವಂತರಾಯರು ಜೋಡಣೆಯನ್ನು ಕಣ್ಣಿನಲ್ಲೇ ನೋಡಿ ಕಳಿಸಿಬಿಟ್ಟರು. ಸಂಜೆ ಶಹಾಬಾದ್ ಸ್ಟೇಷನ್ನಿನಲ್ಲಿ ಟಿಕೆಟ್ ತೋರಿಸಲು ಸೆರಗಿನ ಗಂಟು ಬಿಚ್ಚಿದರೆ, ಟಿಕೆಟ್ಟಿನ ಜೊತೆ ಪರೀಕ್ಷೆಯ ಫ್ಯೂಜೂ ಹೊರಬಂತು.

“ಪರೀಕ್ಷಾ ಕೊಡ್ಲಿಕ್ಕಿ ಹೋದಾಕಿ ಕಳ್ಳಿ ಆಗಿ ಬಂದೆ ಅನ್ನಿಸ್ತು.”

ಮರುದಿನ ಮೊದಲ ಗಾಡಿಗೇ ಗುಲ್ಬರ್ಗಕ್ಕೆ ಓಡಿದರು. ಫ್ಯೂಜಿಗಾಗಿ ಮೇಜಿನ ಕೆಳಗೆಲ್ಲ ಹುಡುಕಿಸಿದ್ದ ಬಸವಂತರಾಯರು ಮುಖ ಸಿಂಡರಿಸಿಯೇ ಕೇಳಿದರಂತೆ: “ಕಿತ್ತಿದ್ದು ಬರೋಬರಿ, ಕಟ್ಟಿಕೊಂಡಿದ್ದೂ ಬರೋಬರಿ. ಹೊಳ್ಳಿ ಹಾಕೋದು ಯಾರ ಕೆಲಸವ್ವ?” ಅದಕ್ಕೆ ಅಂಕ ಕಡಿಮೆ ಮಾಡುವೆನೆಂದೂ ಹೇಳಿದರು. “ಅವರು ಅಂದಿದ್ದು ಖರೇನೇ ಅದ” ಎನ್ನುವ ಅನಸುಬಾಯಿಗೆ ಅಂದಿನಿಂದ ನಿದ್ದೆ ಇಲ್ಲ.

ಮೋಟರ್ ಸಿದ್ಧವಾಗಿದೆ. ಗಂಟು ಬಿಚ್ಚಿ ಮೂರೂ ಫ್ಯೂಜು ಹಾಕಿ, ಎರಡೆರಡು ಸಲ ಮುಟ್ಟಿ ನೋಡುತ್ತಾರೆ. ಸ್ವಿಚ್ ಹಾಕುವ ಹಕ್ಕು ಮಾತ್ರ ಪರ್ಮಿಟ್ ಇದ್ದವರಿಗೇ. ಬುಟ್ಟಿ ಹಿಡಿದ ಹೆಂಗಸರೆಲ್ಲ ಕೆಲಸ ನಿಂತು ಕಾಯುತ್ತಿದ್ದಾರೆ. ಅಷ್ಟರಲ್ಲಿ ಗೇಟಿನಲ್ಲಿ ಸೈಕಲ್ ಗಂಟೆ ಕೇಳುತ್ತದೆ. ಇಳಿದು ಬಂದ ಉಸ್ತಾದರ ಮುಖದಲ್ಲಿ ಏನೂ ಕಾಣುವುದಿಲ್ಲ.

“ಏನಾಯ್ತ್ರಿ ಉಸ್ತಾದ್?”

“ಫ್ಯೂಜ್ ಹಾಕಿದ್ಯಾ?”

“ಹಾಕೀನ್ರಿ.”

“ಹಂಗಾದ್ರ ಸ್ವಿಚ್ ನೀನೇ ಹಾಕು ಬೇಟಿ. ಇವತ್ತಿನಿಂದ ನನ್ನ ದಾರಿ ಕಾಯೋದು ಬ್ಯಾಡ.”

ಅನಸುಬಾಯಿ ಸ್ವಿಚ್ ಮೇಲೆತ್ತುತ್ತಾರೆ. ಯಂತ್ರ ಗುಡುಗುತ್ತದೆ, ಕಲ್ಲಿನ ಮೇಲೆ ನೀರು ಚಿಮ್ಮುತ್ತದೆ, ಹೆಂಗಸರು ಬುಟ್ಟಿ ಬಡಿದು ಕೂಗುತ್ತಾರೆ. ಅನಸುಬಾಯಿಯ ಕಣ್ಣು ತುಂಬಿ ಬಂದಿದೆ, ಸಂತೋಷ ತಡೆಯಲಾಗದೆ ಉಸ್ತಾದರ ಕಾಲು ಮುಟ್ಟುತ್ತಾರೆ.

ಈಗ ಏನು ಆಸೆ ಎಂದು ಕೇಳಿದರೆ ಅವರು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾರೆ.

“ಸೀರಿ ಮ್ಯಾಲ ಹಾಕ್ಕೊಳ್ಳಿಕ್ಕಿ ಒಂದು ಖಾಕಿ ಅಂಗಿ ಹೊಲಿಸ್ಬೇಕ್ರಿ. ಕಿಸೆ ದೊಡ್ಡದಿರಬೇಕು. ಸೆರಗು ನನ್ನ ಜೋಡಿ ಮನಿತನಾ ಬರ್ತದ. ಅಂಗಿ ಮಿಲ್ಲಿನ್ಯಾಗ ಬಿಚ್ಚಿಟ್ಟು ಹೋಗ್ತೀನಿ.”